ಎಡಗಡಿ ಸೈಲೆನ್ಸರ್

ಮಾಲಕರ ಮಗನ ಮದುವಿ ಮೆರವಣಗಿಗೆ ಅವರ ಸ್ಪೋರ್ಟ್ಸ್ ಕಾರ್ ಕಲಘಟಗಿಗೆ ಒಯ್ಯಾಕತ್ತಿದ್ದೆ. ಮಿಶ್ರಿಕೋಟ್ಯಾಗ ಇಳದು ನೋಡಿದ್ರ ಹಿಂದಿನ ಎರಡೂ ಸೈಲೆನ್ಸರ್ ಬಾಯಿ ಮಸಿ ಹಿಡದು ಕರ್ರಗಾಗಿದ್ವು. ಮಾಲಕರು ಕಂಡ್ರ ನನ್ನ ಡ್ರೈವರ್ ಕೆಲಸ ಹೋದಂಗ. ಬಿಸಿ ಪೈಪ್ ಆರಗೊಟ್ಟು ಒರಸಿದೆ. ಮಸಿ ನನ್ನ ಅಂಗಿಗೆ ಬಂತು, ಪೈಪ್ ಬಿಡಲಿಲ್ಲ.

ಬಾಜೂ ಅಂಗಳದಾಗ ತಾಮ್ರದ ಕೊಡ ಬೆಳಗತಿದ್ದ ಅಜ್ಜಿ, "ಸರಿಯೋ ತಮ್ಮಾ" ಅಂತ ಹುಣಸಿಹಣ್ಣು, ಬೂದಿ ಹಚ್ಚಿ ಬಲಗಡೀದು ಲಕಲಕ ಮಾಡಿದ್ಲು.

"ಎಡಗಡೀದು, ಆಯಿ?"

"ಅದು ಇರ್ಲಿ. ಇಷ್ಟ ಚೆಂದ ಗಾಡಿಗೆ ದೃಷ್ಟಿ ಆಗೂದಿಲ್ಲೇನ?" ಅಂದು ಒಳಗ ಹೋದ್ಲು.

ಕಲಘಟಗ್ಯಾಗ ಮದುಮಗನ ಜೋಡಿ ನಿಂತಿದ್ದ ಮಾಲಕರು ಬಗ್ಗಿ ನೋಡಿದ್ರು. ಹೆದರಿಕೋತ ಅಜ್ಜಿ ಮಾತು ಹೇಳಿದೆ. ಅವರು ಆರಿದ್ದ ಎಡಗಡಿ ಪೈಪಿಗೆ ಬೆರಳ ಹಚ್ಚಿ, ಆ ಮಸಿ ಮಗನ ಕಿವಿ ಹಿಂದ ಒತ್ತಿದ್ರು.

ನನ್ನ ಕೆಲಸ ಉಳೀತು. ಈಗ ಎಡಗಡೀದು ಒರಸಿದ್ರ ಬೈತಾರ, ಬಲಗಡೀದು ಒರಸದಿದ್ರ ಬೈತಾರ.