ಗುರುಗಳ ಲೈವ್‌ಗೆ ನಾನು ಕಳಿಸಿದ ಪ್ರಶ್ನೆ

ಸಂಜೆ ಏಳೂವರೆ. ಬೆಳಿಗ್ಗೆ ಕಾಯಿ ಸುಲಿಸಿದೆ, ಮಧ್ಯಾಹ್ನ ಕಡೂರಿಗೆ ಹೋದೆ. ಈಗ ಸಖರಾಯಪಟ್ಟಣದ ಬಸ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ, ಗೆಳೆಯರೇ.

ನಮ್ಮ ಯಜಮಾನರು ಹೋಗಿ ಮೂರು ತಿಂಗಳಾಯಿತು. ಅಂದಿನಿಂದ ಕಡೂರಿನ ನಮ್ಮ ಧ್ಯಾನ ಕೇಂದ್ರದಲ್ಲಿ ನನಗೆ ದೀಪ ಹಚ್ಚುವ ಸರದಿ ತಪ್ಪಿತ್ತು. "ಗಂಡ ಇಲ್ದೋರು ಹಚ್ಚಬಾರ್ದು, ಗುರುಗಳ ಅಪ್ಪಣೆ ಕಣಮ್ಮ" ಎಂದಿದ್ದರು ಸಂಚಾಲಕ ರುದ್ರಪ್ಪನವರು. ಹಿಂದಿನ ಸಾಲಿನಲ್ಲಿ ಕೂರುತ್ತಿದ್ದೆ.

ಇವತ್ತು ಗುರುಗಳ ಲೈವ್ ಇತ್ತು. ರುದ್ರಪ್ಪನವರೇ ಟಿವಿಗೆ ಹಾಕಿದರು. ನಾನು ಕೂತಲ್ಲಿಂದಲೇ ಫೋನಿನಲ್ಲಿ ನನ್ನ ಪ್ರಶ್ನೆ ಬರೆದು ಕಳಿಸಿದೆ. ಗುರುಗಳು ಅದನ್ನು ಗಟ್ಟಿಯಾಗಿ ಓದಿ, "ಯಾರು ಹೇಳಿದ್ದು ಹಾಗಂತ? ನಾನಂತೂ ಹೇಳಿಲ್ಲ. ಆ ತಾಯಿ ಧಾರಾಳವಾಗಿ ಹಚ್ಚಲಿ" ಎಂದರು.

ರುದ್ರಪ್ಪನವರು ತಟ್ಟನೆ ಎದ್ದು ಟಿವಿ ಆರಿಸಿದರು. "ನೆಟ್ ಸರಿ ಇಲ್ಲ ಕಣ್ರೀ, ಏನಂದ್ರೋ ಕೇಳಿಸ್ಲೇ ಇಲ್ಲ."

"ಈ ಕಿವುಡಿಗೇ ಕೇಳಿಸ್ತು, ನಿಂಗೆ ಕೇಳಿಸ್ಲಿಲ್ವೇನೋ ರುದ್ರಾ?" ಎಂದರು ಪಕ್ಕದಲ್ಲಿದ್ದ ಸಾಕಮ್ಮಜ್ಜಿ. ಎಲ್ಲರೂ ನಕ್ಕರು. ಎಷ್ಟೋ ದಿನಗಳ ಮೇಲೆ ನಾನೂ ನಕ್ಕೆ.

ಗುರುಗಳ ಅಪ್ಪಣೆ ಇನ್ನು ನಮಗೆ ನೇರವಾಗಿ ಬರುತ್ತದೆ. ರುದ್ರಪ್ಪನವರ ಕೈಯಲ್ಲಿ ಉಳಿದಿರುವುದು ಟಿವಿಯ ರಿಮೋಟ್ ಮಾತ್ರ.

ನಾಳೆ ಸಂಜೆ ಐದಕ್ಕೆ ದೀಪ ಹಚ್ಚುವವಳು ನಾನು.