ಅತ್ತೆಯ ಸೊಂಟದ ಹಸಿರು ದೀಪ

ನನ್ನ ನಾದಿನಿ ಜೆಹಾವಾಳ ಜಿಪುಣತನ ಇಸ್ರೇಲಿನ ನಮ್ಮ ಯೊಕ್ನೆಆಮ್ ಗುಡ್ಡದಲ್ಲೆಲ್ಲ ಹೆಸರುವಾಸಿ. ದುಡ್ಡಿನಲ್ಲಲ್ಲ, ಕರೆಂಟಿನಲ್ಲಿ. ನಾನು ಹೊಸದಾಗಿ ಸೊಸೆಯಾಗಿ ಬಂದಾಗ, ಸ್ನಾನಕ್ಕೆ ಹೋದರೆ ತುಸು ತಡವಾದರೂ ಹೊರಗಿನಿಂದ ದೀಪ ಆರಿಸಿಬಿಡುತ್ತಿದ್ದಳು. ಈ ಬುದ್ಧಿ ಕಲಿಸಿದವರು ಅವಳಮ್ಮ, ನನ್ನ ಅತ್ತೆ ಅಲ್ಲೆಗ್ರಾ. ಇಂಜಿನಿಯರಿಂಗ್ ಮುಗಿಸಿದ ಮೇಲೆ ಅದೇ ಬುದ್ಧಿ ಅವಳಿಗೆ ಅನ್ನ ಕೊಟ್ಟಿತು. ನುಂಗಿದರೆ ಪುಟ್ಟ ಬ್ಯಾಟರಿಯಲ್ಲೇ ಕರುಳಿನ ಫೋಟೊ ತೆಗೆದು, ಸೊಂಟಕ್ಕೆ ಕಟ್ಟಿದ ಪೆಟ್ಟಿಗೆಗೆ ತಂತಿಯಿಲ್ಲದೆ ಕಳಿಸುವ ಮಾತ್ರೆಗಳ ಕಂಪನಿ ಅವಳದು.

ಅತ್ತೆ ಬಿಳಿಚಿಕೊಳ್ಳುತ್ತಿದ್ದರು. ಹೊಟ್ಟೆಯೊಳಗೆಲ್ಲೋ ರಕ್ತ ಸೋರುತ್ತಿತ್ತು. ಹಿಂದೆ ನುಂಗಿಸಿದ ಮಾತ್ರೆ ಅವರ ನಿಧಾನದ ಕರುಳಿನಲ್ಲಿ ಅರ್ಧ ದಾರಿಗೇ ಬ್ಯಾಟರಿ ಮುಗಿಸಿ ಕಣ್ಣು ಮುಚ್ಚಿತ್ತು. ಜಾಗ ಸಿಗದಿದ್ದರೆ ಹೊಟ್ಟೆ ಕೊಯ್ದೇ ಹುಡುಕಬೇಕು ಎಂದರು ಡಾಕ್ಟರು. ಆಗ ಜೆಹಾವಾ ಹೊಸದೊಂದನ್ನು ಮಾಡಿದಳು. ನಿಂತಲ್ಲೇ ನಿಂತಾಗ ನಿದ್ದೆ ಹೋಗಿ, ಮುಂದೆ ಸರಿದಾಗ ಮಾತ್ರ ಎದ್ದು ಫೋಟೊ ಕಳಿಸುವ ಮಾತ್ರೆ. ಪರೀಕ್ಷೆಗೆ ಅನುಮತಿಯೂ ಸಿಕ್ಕಿತು.

"ಇದು ಸಾಯಲ್ಲ ಅತ್ತಿಗೆ. ನಾನು ಮಾಡಿರೋದು."

"ನಿನ್ನ ಕೈಗುಣ ಗೊತ್ತು ಕಣೇ. ಅದಕ್ಕೂ ಅರ್ಧ ಸ್ನಾನದಲ್ಲಿ ಕತ್ತಲೆ ಮಾಡ್ಬೇಡ!"

ಶುಕ್ರವಾರ ಸಂಜೆಯಿಂದ ಶನಿವಾರ ಇರುಳಿನವರೆಗೆ ನಮ್ಮ ಯೆಹೂದಿಗಳ ಸಬ್ಬತ್, ಬೆಂಕಿಯಾಗಲಿ ಕರೆಂಟಾಗಲಿ ಹೊತ್ತಿಸುವಂತಿಲ್ಲ, ಆರಿಸುವಂತಿಲ್ಲ. ಹಾಗಾಗಿ ಶುಕ್ರವಾರ ಬೆಳಿಗ್ಗೆಯೇ ನುಂಗಿ, ಸೂರ್ಯ ಮುಳುಗುವ ಮೊದಲು ಪೆಟ್ಟಿಗೆ ಬಿಚ್ಚಿಕೊಡುವುದೆಂದು ಮಾತಾಗಿತ್ತು. ಆದರೆ ಸಬ್ಬತ್ತಿನ ಊಟಕ್ಕೆ ರಾತ್ರಿಯಿಡೀ ಸಣ್ಣ ಉರಿಯಲ್ಲಿ ಬೇಯುವ ದಫೀನಾ ಪಾತ್ರೆ ಒಲೆಗೇರಿಸದೆ ಅತ್ತೆ ಮನೆ ಬಿಟ್ಟಾರೆಯೆ? ಕಡಲೆ, ಗೋಧಿ, ಮೊಟ್ಟೆ, ಮಾಂಸ ಎಲ್ಲ ಹಾಕಿ, ಆಸ್ಪತ್ರೆಗೆ ಹೋಗಿ ಮಾತ್ರೆ ನುಂಗುವಷ್ಟರಲ್ಲಿ ಬಿಸಿಲೇರಿತ್ತು. ಚಳಿಗಾಲದ ಹಗಲು ಬೇರೆ. ಸಂಜೆ ಅವರು ಮೇಣದಬತ್ತಿ ಹಚ್ಚಿ ಕಣ್ಣು ಮುಚ್ಚಿದಾಗ, ಪೆಟ್ಟಿಗೆಯ ಹಸಿರು ದೀಪ ಸೊಂಟದಲ್ಲಿ ಇನ್ನೂ ಮಿಣುಕುತ್ತಿತ್ತು.

ನನಗೆ ರೇಗಿತು. "ಧರ್ಮಗುರು ರಬ್ಬಿಯವರನ್ನ ಕೇಳೋಣ. ಕಾಯಿಲೆ ವಿಷಯ, ಬಿಚ್ಚೋಕೆ ಬಿಡ್ತಾರೆ."

"ಮೊದಲೇ ಹೊತ್ತಿಸಿದ್ದು ತಾನಾಗಿ ಉರೀಲಿ," ಎಂದರು ಅತ್ತೆ. "ಸಬ್ಬತ್ ಮುಗಿಯೋವರೆಗೂ ಯಾರೂ ಮುಟ್ಟಕೂಡದು."

"ಇರಲಿ ಬಿಡಿ ಅತ್ತಿಗೆ," ಜೆಹಾವಾ ರೊಟ್ಟಿ ಮುರಿಯುತ್ತ ನಕ್ಕಳು. "ಅದಕ್ಕೇನು ಅವಸರ ಇಲ್ಲ."

ಮರುದಿನ ಮಧ್ಯಾಹ್ನ ಅತ್ತೆ ನಮಗೆಲ್ಲ ದಫೀನಾ ಬಡಿಸಿ, ತಾವು ಬರೀ ತಿಳಿಸಾರು ಕುಡಿದರು. ಪೆಟ್ಟಿಗೆ ಮಿಣುಕುತ್ತಲೇ ಇತ್ತು. ಮಾತ್ರೆ ಒಳಗೆ ಯಾವಾಗಲೋ ಸತ್ತಿರಬೇಕು, ಈ ಹುಡುಗಿಗೆ ಮಾತ್ರ ಬುದ್ಧಿಯಿಲ್ಲ ಎಂದುಕೊಂಡೆ. ಮುಗಿಲಲ್ಲಿ ಮೂರು ನಕ್ಷತ್ರ ಕಂಡು ಸಬ್ಬತ್ ಮುಗಿದ ಮೇಲೆಯೇ ಅವಳು ಪೆಟ್ಟಿಗೆ ಬಿಚ್ಚಿದಳು.

ಭಾನುವಾರ ಡಾಕ್ಟರು ಪರದೆಯ ಮೇಲೆ ಒಂದು ಕೆಂಪು ಚುಕ್ಕೆ ತೋರಿಸಿದರು. ರಕ್ತ ಸೋರುವ ಜಾಗ ಅದೇ, ಸಣ್ಣ ಕರುಳಿನ ಕೊನೆಯ ತಿರುವಿನಲ್ಲಿತ್ತು. ಆ ಫೋಟೊ ಬಂದದ್ದು ಶನಿವಾರ, ನಾವು ಊಟಕ್ಕೆ ಕೂತ ಹೊತ್ತಿಗೆ. ನನ್ನ ಮಾತು ಕೇಳಿ ಬಿಚ್ಚಿದ್ದರೆ ಅದು ಸಿಗುತ್ತಲೇ ಇರಲಿಲ್ಲ.

"ಕೊಯ್ಯೋದು ಬೇಡಮ್ಮ. ಕೊಳವೆ ಇಳಿಸಿ ಆ ಚುಕ್ಕೆ ಸುಟ್ಟರೆ ಸಾಕು," ಎಂದರು ಡಾಕ್ಟರು.

ನನಗೆ ಅಳು ಬಂತು. ಅತ್ತೆಯೂ ಕಣ್ಣೊರೆಸಿಕೊಂಡು, ತಲೆಯೆತ್ತಿ ಚಾವಣಿ ನೋಡಿದರು.

"ಹಗಲೊತ್ತಲ್ಲಿ ಇಷ್ಟೊಂದು ಲೈಟ್ ಯಾಕಪ್ಪ ಉರಿಸ್ತೀರ?"

ಅಲ್ಲಿಯವರೆಗೆ ಒಂದು ಹನಿ ಕಣ್ಣೀರು ಹಾಕದ ಜೆಹಾವಾ ಎದ್ದು ಹೋಗಿ ದೀಪ ಆರಿಸಿದಳು. ಬಂದು ಅಮ್ಮನ ಮಡಿಲಲ್ಲಿ ಮುಖವಿಟ್ಟು ಬಿಕ್ಕಿ ಬಿಕ್ಕಿ ಅತ್ತಳು.