ಉಪ್ಪಾರ ಆಯಿಯ ನಾಲಿಗೆ

ಚಿಮ್ಮಡದಿಂದ ಕಬ್ಬಿನ ಹೊಲದ ಬದುವಿನ ಮೇಲೆ ನಡೆದು ಬಂದಿದ್ದೆ. ಮನೆಗೆ ಬಂದು ನೋಡಿದರೆ ಚಪ್ಪಲಿಯ ಅಂಚಿಗೆಲ್ಲ ಬಿಳಿ ಪುಡಿ. ಉಪ್ಪು ಹತ್ತಿದ ಸವಳು ಮಣ್ಣು. ತೊಳೆಯಲು ಕೂತವನಿಗೆ ಪಕ್ಕದ ಮನೆಯ ಆಯಿ ನೆನಪಾದಳು...

ನಾವು ಅವಳನ್ನು ಉಪ್ಪಾರ ಆಯಿ ಎನ್ನುತ್ತಿದ್ದೆವು. ಮರಾಠಿ ಮಾತಾಡುವ ಕಿರಾಣಿ ಅಂಗಡಿಯವರ ಬಾಯಲ್ಲಿ ಅವಳು ಲೋಣಾರಿ. ಎರಡಕ್ಕೂ ಅರ್ಥ ಒಂದೇ, ಉಪ್ಪು ಮಾಡುವವರು. ಅವಳ ಹಿರಿಯರು ಸವಳು ಮಣ್ಣು ಕೆರೆದು ತಂದು, ನೀರು ಹಾಕಿ ಸೋಸಿ, ಬಿಸಿಲಿಗಿಟ್ಟು ಉಪ್ಪು ತೆಗೆಯುತ್ತಿದ್ದರಂತೆ. ಕಸುಬು ಯಾವಾಗಲೋ ಹೋಗಿತ್ತು. ಹೆಸರು ಮಾತ್ರ ಉಳಿದಿತ್ತು, ಅದನ್ನೂ ಜನ ನಾಯಿ ಓಡಿಸುವ ದನಿಯಲ್ಲಿ ಕರೆಯುತ್ತಿದ್ದರು.

ಆದರೆ ಹೊಲ ಕೊಳ್ಳುವಾಗ ಇದೇ ಜನಕ್ಕೆ ಆಯಿ ಬೇಕು. ಹಿಡಿ ಮಣ್ಣು ಕಟ್ಟಿಕೊಂಡು ಬಂದು, "ಆಯಿ, ಚೂರು ರುಚಿ ನೋಡ್ರಿ" ಎಂದು ಹಲ್ಲು ಗಿಂಜುತ್ತಿದ್ದರು. ಅವಳು ಬಾಯಿ ಮುಕ್ಕಳಿಸಿ, ಮಣ್ಣನ್ನು ನಾಲಿಗೆಗಿಟ್ಟು, ಉಗುಳಿ, ಸವಳು ಹತ್ತಿದೆಯೋ ಇಲ್ಲವೋ ಹೇಳುತ್ತಿದ್ದಳು. ಸವಳು ಹತ್ತಿದ ಹೊಲದಲ್ಲಿ ಬೆಳೆ ಸರಿಯಾಗಿ ಬರುವುದಿಲ್ಲ. ಮಣ್ಣು ನಾಲಿಗೆಗಿಟ್ಟ ಮೇಲೆ ಸುಳ್ಳಾಡಬಾರದು ಎಂಬುದು ಅವರ ಮನೆತನದ ಕಟ್ಟಳೆ.

ಆಯಿಯ ಮಗನಿಗೆ ಕಾಲುವೆ ಪಕ್ಕದ ತಮ್ಮ ಹೊಲ ಮಾರಿ ಬನಹಟ್ಟಿಯಲ್ಲಿ ಮಗ್ಗ ಹಾಕುವ ಹುಚ್ಚು. ಕೊಳ್ಳಲು ಬಂದವರು ಕಟ್ಟೆಯ ಮೇಲೆ ಕೂತು, "ನಿಮ್ಮ ಅವ್ವನ ಬಾಯಿಲೇ ಹೇಳಸ್ರಿ" ಎಂದರು. ನಮಗೂ ಅವರಿಗೂ ನಡುವೆ ಒಂದೇ ಗೋಡೆ. ಮಗ ಒಳಗೆ ಬಂದು ಗೋಗರೆದದ್ದು ನನಗೆ ಕೇಳಿಸಿತು.

"ಛಲೋ ಐತಿ ಅಂದಬಿಡವ್ವಾ. ಇಲ್ಲಾಂದ್ರ ನನ್ನ ಮಗ್ಗ ಹೋತು ನೋಡ."

ಆಯಿ ಹೊರಗೆ ಬಂದು ಮಣ್ಣು ನಾಲಿಗೆಗಿಟ್ಟಳು. ಬಹಳ ಹೊತ್ತು ಉಗುಳಲೇ ಇಲ್ಲ. ಆಮೇಲೆ, "ಸವಳ ಹತ್ತೈತ್ರಿ" ಎಂದಳು. ಬಂದವರು ಚಹಾ ಕೂಡ ಕುಡಿಯದೆ ಎದ್ದು ಹೋದರು.

ಮಗ ಕೂಗಾಡಲಿಲ್ಲ, ಕೈ ಎತ್ತಲಿಲ್ಲ. ಮರುದಿನದಿಂದ ಅವಳ ತಾಟಿಗೆ ಉಪ್ಪಿಲ್ಲದ ನುಚ್ಚು, ಉಪ್ಪಿಲ್ಲದ ಬೇಳೆ. ಕೇಳಿದ್ದಕ್ಕೆ ಅಂದ: "ಉಪ್ಪಾರಕಿ ಅದೀಯಲ್ಲ. ಹೊಲದ ತುಂಬ ಉಪ್ಪೈತಿ, ಹೋಗಿ ನೆಕ್ಕಬೇ."

ಯಾರೂ ಅವಳಿಗೆ ಉಪ್ಪು ಕೊಡಬಾರದೆಂದು ಓಣಿಗೆಲ್ಲ ಹೇಳಿಟ್ಟಿದ್ದ. ಅವಳ ನಾಲಿಗೆ ನಂಬಿ ಹೊಲ ಕೊಂಡವರೆಲ್ಲ ತೆಪ್ಪಗಿದ್ದರು. ಒಮ್ಮೆ ನಮ್ಮ ಬಾಗಿಲಿಗೆ ಬಂದು ಸೆರಗೊಡ್ಡಿ, "ಚಿಟಿಕಿ ಉಪ್ಪ ಕೊಡವ್ವಾ" ಎಂದಳು. ನನ್ನ ತಾಯಿ, "ನಿಮ್ಮ ಮಗಾ ಜಗಳಾ ತಗೀತಾನ್ರೀ ಆಯಿ" ಎಂದು ಬಾಗಿಲು ಹಾಕಿದಳು. ನನ್ನ ಹೆತ್ತವಳೇ. ಅದಕ್ಕೆ ಇವತ್ತಿಗೂ ನನಗೆ ಸಿಟ್ಟಿದೆ.

ಆಯಿ ಊಟ ಕಡಿಮೆ ಮಾಡಿದಳು, ಆಮೇಲೆ ಬಿಟ್ಟೇಬಿಟ್ಟಳು... ಬೇಸಿಗೆ ಮುಗಿಯುವುದರೊಳಗೆ ಹೋದಳು.

ಹೂಳುವಾಗ ಕುಣಿಗೆ ಉಪ್ಪು ಹಾಕುವುದು ನಮ್ಮ ಕಡೆಯ ಪದ್ಧತಿ. ಮಗ ಅಂಗಡಿಯಿಂದ ಚೀಲಗಟ್ಟಲೆ ಉಪ್ಪು ತರಿಸಿದ. ಜನರ ಎದುರಲ್ಲಿ ತಾನೇ ಚೀಲ ಬಿಚ್ಚಿ, ಅವಳ ಕಾಲು, ಎದೆ, ಕೊನೆಗೆ ಮುಖದ ಮೇಲೂ ಸುರಿದ. "ತಾಯಿಗೆ ಏನೂ ಕಡಿಮಿ ಮಾಡಲಿಲ್ಲ" ಎಂದು ನಿಂತವರು ಹೊಗಳಿದರು.

ಆ ಹೊಲವನ್ನು ಇವತ್ತಿಗೂ ಯಾರೂ ಕೊಂಡಿಲ್ಲ. ಓಣಿಯಲ್ಲಿ ಈಗ ಮಣ್ಣಿನ ರುಚಿ ಹೇಳುವವರೂ ಇಲ್ಲ, ಉಪ್ಪಾರ ಆಯಿ ಎಂದರೆ ತಿರುಗಿ ನೋಡುವವರೂ ಇಲ್ಲ. ಮಗ ಎದುರಾದಾಗ ಕೈ ಮುಗಿಯುತ್ತಾನೆ. ನಾನು ಮುಗಿಯುವುದಿಲ್ಲ.